ನಿಮಗಿದು ಗೊತ್ತೆ? ಒಂದೇ ಮರದಿಂದ ಹಬ್ಬಿದ ‘ಸಿದ್ದು’ ಹಲಸು
• ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಮರದಿಂದ ಬಂದ ತಳಿ ‘ಸಿದ್ದು’ ಹಲಸು. ಮರ ಬೆಳೆಸಿದ ರೈತ ಎಸ್.ಕೆ. ಸಿದ್ದಪ್ಪ ಅವರ ಹೆಸರೇ ತಳಿಗೂ ಬಂತು.

• ಹಣ್ಣು ಸರಾಸರಿ ಎರಡೂವರೆ ಕಿಲೋ, ತೊಳೆ ತಾಮ್ರಗೆಂಪು. ಟೊಮೆಟೊದಲ್ಲಿರುವ, ಆರೋಗ್ಯಕ್ಕೆ ಒಳ್ಳೆಯದಾದ ಲೈಕೋಪೀನ್ ಇದರಲ್ಲೂ ಹೇರಳ.

• 2017ರಲ್ಲಿ ತುಮಕೂರು ಬಳಿಯ ಹಿರೇಹಳ್ಳಿ ತೋಟಗಾರಿಕಾ ಪ್ರಯೋಗ ಕೇಂದ್ರದ ಮೂಲಕ ಒಪ್ಪಂದವಾಯಿತು: ಸಸಿ ಮಾರಾಟದ ಆದಾಯದಲ್ಲಿ ಶೇ 75 ಪಾಲು ಸಿದ್ದಪ್ಪ ಅವರ ಮಗನಿಗೆ.

• ಬೀಜ ನೆಟ್ಟರೆ ತಾಯಿಮರದ ಗುಣ ಹಾಗೇ ಬಾರದು, ಕಸಿಯೇ ಬೇಕು. ನಾಟಿ ಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಬುಡ ಚೂಪು ಮಾಡಿದ ಸಿದ್ದು ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ನರ್ಸರಿ ನಡೆಸಲು ಹೊರಟ ಹಳ್ಳಿಯ ಯುವಕ ಯುವತಿಯರಿಗೆ ಅನ್ನ ಕೊಡಬಲ್ಲ ಕಸುಬಿದು.