ಮಾತಿಲ್ಲದವರಿಗೂ ಹೇಳಲಿಕ್ಕಿದೆ

ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣಕ್ಕೆ ರೈಲು ಬಂದು ನಿಲ್ಲುವಾಗ ಹುಡುಗನೊಬ್ಬ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡತೊಡಗಿದನೆನ್ನಿ. ‘ಎಷ್ಟು ಹಟ! ಸರಿಯಾಗಿ ಬೆಳೆಸಿಲ್ಲ’ ಎಂದು ತಾಯಿಯತ್ತ ನೋಡಿ ಗೊಣಗುವವರು ಇದ್ದೇ ಇರುತ್ತಾರೆ. ಆದರೆ ಅದು ಹಟವೇ ಆಗಿರಬೇಕಿಲ್ಲ. ಹುಡುಗನಿಗೆ ಆಟಿಸಂ, ಅಂದರೆ ಸ್ವಲೀನತೆ ಇದ್ದರೆ, ಇತರರಿಗೆ ಸಾಧಾರಣವೆನಿಸುವ ಸದ್ದು ಅವನಿಗೆ ಸಹಿಸಲಾಗದಷ್ಟು ಜೋರಾಗಿ ಕೇಳಬಹುದು. ತೂಗಾಟ ಅದನ್ನು ತಾಳಿಕೊಳ್ಳಲು ಅವನು ಕಂಡುಕೊಂಡ ದಾರಿಯಾಗಿರಬಹುದು.

ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಗಮನಿಸಿ 1943ರಲ್ಲಿ ಈ ಸ್ಥಿತಿಯನ್ನು ವಿವರಿಸಿದರು. ಇದು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು. ಇದು ತಾಯಿಯ ತಪ್ಪಲ್ಲ, ಲಸಿಕೆಯ ಫಲವಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ.

ಆದರೆ ಒಳಗಿನ ಅನುಭವವನ್ನು ಹೇಳಬೇಕಾದವರು ಅದನ್ನು ಬಾಳುವವರೇ ಅಲ್ಲವೇ? ಟಿಟೊ ರಾಜರ್ಷಿ ಮುಖೋಪಾಧ್ಯಾಯ ಬಾಲ್ಯದಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ಬೆಳೆದವರು. ಮಾತು ತೀರಾ ಕಡಿಮೆ. ತಾಯಿ ಸೋಮಾ ಪಟ್ಟುಹಿಡಿದು ಅಕ್ಷರ ಕಲಿಸಿದರು. ಟಿಟೊ ಅವರ ‘ಬಿಯಾಂಡ್ ದಿ ಸೈಲೆನ್ಸ್’ ಪುಸ್ತಕ 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ತನ್ನ ದೇಹವೇ ಚದುರಿಹೋದಂತೆ ಅನಿಸುತ್ತಿತ್ತು, ಅದನ್ನು ಒಟ್ಟುಗೂಡಿಸಿಕೊಳ್ಳಲು ಗಿರ್ರನೆ ತಿರುಗುತ್ತಿದ್ದೆ ಎಂಬ ಅರ್ಥದ ವಿವರಣೆ ಅದರಲ್ಲಿದೆ. ನೋಡುವವರಿಗೆ ಅರ್ಥಹೀನವೆನಿಸಿದ್ದಕ್ಕೂ ಕಾರಣವಿತ್ತು! ಸೋಮಾ ರೂಪಿಸಿದ ಬೋಧನಾಕ್ರಮಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅನೇಕ ತಜ್ಞರು ಎಚ್ಚರಿಸಿರುವುದನ್ನೂ ಪೋಷಕರು ತಿಳಿದಿರಬೇಕು.

ಅಮೆರಿಕದ ಜಿಮ್ ಸಿಂಕ್ಲೇರ್ ಸ್ವತಃ ಆಟಿಸಂ ಇರುವವರು. ನಮಗಾಗಿ ಶೋಕಿಸಬೇಡಿ ಎಂದು ಅವರು 1993ರಲ್ಲಿ ತಂದೆತಾಯಿಗಳನ್ನು ಕೇಳಿಕೊಂಡರು. ಕಲ್ಪನೆಯ ಮಗುವಿಗಾಗಿ ಅಳುತ್ತ ಕುಳಿತರೆ, ಕಣ್ಣೆದುರಿನ ಮಗುವನ್ನು ಅರಿಯುವುದು ಯಾವಾಗ ಎಂಬುದು ಅವರ ವಾದದ ತಿರುಳು. ಹಾಗೆಂದು ನೆರವು ಬೇಡವೆಂದಲ್ಲ. ಮಾತು, ಬರಹ, ಚಿತ್ರ, ಸನ್ನೆ - ಯಾವುದರಿಂದಾದರೂ ತನ್ನ ಬೇಕು ಬೇಡಗಳನ್ನು ತಿಳಿಸಲು ಮಗುವಿಗೆ ಕಲಿಸುವುದೇ ದೊಡ್ಡ ನೆರವು.

ಕಾನೂನೂ ನಿಧಾನವಾಗಿಯೇ ಕಣ್ತೆರೆಯಿತು. ಅಂಗವಿಕಲರ 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಅದು ಸೇರಿತು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದ ಅನುಕೂಲಗಳನ್ನು ಈ ಕಾಯ್ದೆ ಹೆಸರಿಸುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು.

ವಿದ್ಯಾರ್ಥಿಗಳು ಮಾಡಬಹುದಾದದ್ದೂ ಇದೆ. ಬೆಂಚಿನ ಪಕ್ಕದ ಗೆಳೆಯ ಕಣ್ಣಿಟ್ಟು ನೋಡದಿದ್ದರೆ ಸೊಕ್ಕು ಎನ್ನಬೇಡಿ. ಕಿವಿ ಮುಚ್ಚಿಕೊಂಡರೆ ನಗಬೇಡಿ. ‘ನಿನಗೆ ಏನು ಬೇಕು?’ ಎಂದು ಕೇಳಿ, ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ. ಅದು ಮಾತಿನಲ್ಲೇ ಬರಬೇಕೆಂದೇನೂ ಇಲ್ಲ.