ಒತ್ತಕ್ಷರ ಕೈಗೂ ಬರಲಿ, ಕೀಲಿಗೂ ಬರಲಿ

ಮಗಳು ಮೊಬೈಲಿನಲ್ಲಿ ಕಳಿಸುವ ಕನ್ನಡವನ್ನು ನೀವು ಗಮನಿಸಿದ್ದೀರಾ? ಎಷ್ಟೋ ಸಲ ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅವಳು ಪೆನ್ನು ಹಿಡಿದೇ ಬರೆಯಬೇಕು. ಒತ್ತಕ್ಷರದ ತಪ್ಪು ಬಯಲಾಗುವುದು ಅಲ್ಲಿಯೇ.

ತರಗತಿಗೆ ಕಂಪ್ಯೂಟರನ್ನು ಧಾರಾಳವಾಗಿ ತಂದಿದ್ದ ಸ್ವೀಡನ್, 2023ರಲ್ಲಿ ಮುದ್ರಿತ ಪುಸ್ತಕಕ್ಕೂ ಕೈಬರಹಕ್ಕೂ ಮತ್ತೆ ಒತ್ತು ಕೊಟ್ಟಿತು. ಹಾಗೆಂದು ಮಕ್ಕಳನ್ನು ಕಂಪ್ಯೂಟರಿನಿಂದ ದೂರವಿಡಬೇಡಿ. 'ನುಡಿ' ತಂತ್ರಾಂಶದಲ್ಲಿ 'ಅಕ್ಕ' ಎಂದು ಮೂಡಿಸಲು ಎರಡು 'ಕ'ಗಳ ನಡುವೆ ಎಫ್ ಕೀಲಿ ಒತ್ತಲೇಬೇಕು. ಯಾವ ಅಕ್ಷರಕ್ಕೆ ಯಾವ ಒತ್ತು ಎಂದು ಗೊತ್ತಿಲ್ಲದವರಿಗೆ ಅದೂ ಕಷ್ಟವೇ!

ಪ್ರಬಂಧವನ್ನು ಮೊದಲು ಕೈಯಲ್ಲಿ ಬರೆಸಿ, ತಿದ್ದಿ, ಬಳಿಕ ಟೈಪ್ ಮಾಡಿಸಬಹುದೇ ಎಂದು ಟೀಚರಲ್ಲಿ ಕೇಳಿ ನೋಡಿ. ಮನೆಯಲ್ಲಿ ಅಂಗಡಿ ಸಾಮಾನಿನ ಚೀಟಿಯನ್ನು ಮಗಳಿಂದಲೇ ಬರೆಸಿ. ಅಕ್ಕಿ, ಬೆಲ್ಲ, ಎಣ್ಣೆ, ಬೆಳ್ಳುಳ್ಳಿ... ಒತ್ತಿಲ್ಲದ ಸಾಮಾನೇ ಕಡಿಮೆ.