ಹೊಂಗೆಯ ಖರ್ಚು, ಟೇಬಲ್ ರೋಸಿನ ಉಳಿತಾಯ

ಆರು ವರ್ಷದ ಹಿಂದೆ ತುಮಕೂರಿನಲ್ಲಿ ಅಕ್ಕ ಮನೆ ಕಟ್ಟಿಸಿದಾಗ ಪಶ್ಚಿಮ ದಿಕ್ಕಿಗೆ ಇಪ್ಪತ್ತೈದು ಅಡಿ ಹಿತ್ತಲು ಉಳಿಯಿತು. ಅಲ್ಲೊಂದು ಹೊಂಗೆ ಸಸಿ ನೆಡಬೇಕೆಂದು ಭಾವನ ಆಸೆ. ಅಕ್ಕ ಒಪ್ಪಲಿಲ್ಲ. “ಮರ ಹಾಕಿದ್ರೆ ದಿನಾ ಎಲೆ ಗುಡಿಸೋರ್ಯಾರು? ಪಕ್ಕದ ಮನೆಯಿಂದ ನಾಲ್ಕು ಟೇಬಲ್ ರೋಸ್ ಕಡ್ಡಿ ತಂದು ಚುಚ್ಚಿದ್ರೆ ಎರಡು ತಿಂಗಳಲ್ಲಿ ನೆಲ ಪೂರ್ತಿ ಹೂವಾಗುತ್ತೆ. ನೀನಾದ್ರೂ ನಿಮ್ ಭಾವಂಗೆ ಹೇಳು” ಎಂದು ನನ್ನ ಮುಂದೆ ದೂರಿಟ್ಟಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಟೇಬಲ್ ರೋಸ್ ಕೇಳುವುದು ಕಡಿಮೆ, ಕೊಡುವುದು ಹೆಚ್ಚು. ಆದರೆ ಆ ಹಿತ್ತಲಿಗೆ ಹೊಂದಿಕೊಂಡಿರುವುದು ಅಡುಗೆಮನೆ. ಅದರ ಗೋಡೆಗೆ ಮಧ್ಯಾಹ್ನ ಎರಡರಿಂದ ಹೊತ್ತು ಮುಳುಗುವವರೆಗೂ ನೇರ ಬಿಸಿಲು. ಏಪ್ರಿಲ್‌ನಲ್ಲಿ ರಾತ್ರಿ ಎಂಟಕ್ಕೆ ಅಡುಗೆಗೆ ನಿಂತಾಗಲೂ ಗೋಡೆಗೆ ಅಂಗೈ ಇಟ್ಟರೆ ಬಿಸಿ ತಾಗುತ್ತಿತ್ತು. ಮರವೋ ಹೂವೋ ಎಂಬ ಪ್ರಶ್ನೆಯನ್ನು ಆ ಗೋಡೆಯನ್ನೇ ಕೇಳಬೇಕು ಎಂದು ನನಗೆ ಅನ್ನಿಸಿತು.

ಎರಡೂ ಬಿಸಿಲುಂಡು ಬೆಳೆಯುವ ಗಿಡಗಳೇ. ಆದರೆ ನೀರಿನ ಲೆಕ್ಕದಲ್ಲಿ ಎರಡರ ಸ್ವಭಾವವೂ ತೀರ ಬೇರೆ. ಹೊಂಗೆ ಧಾರಾಳವಾಗಿ ಖರ್ಚು ಮಾಡುತ್ತದೆ, ಟೇಬಲ್ ರೋಸ್ ಹನಿಹನಿಯನ್ನೂ ಗಂಟು ಕಟ್ಟಿಡುತ್ತದೆ. ತೋಟಕ್ಕೆ ಯಾವುದು ಎಲ್ಲಿ ಸರಿ ಎನ್ನುವುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಮೊದಲು ನೆರಳಿನ ವಿಚಾರ. ಬೇಸಿಗೆಯ ನಡುಹಗಲಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವಾಟ್. ಮೀಟರಿಗೊಂದು ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ನಮಗೆ ಸೆಕೆ ಆಗುವುದು ಬಿಸಿ ಗಾಳಿಯಿಂದ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ನೆತ್ತಿಯ ಮೇಲಿನ ನೇರ ಬಿಸಿಲು, ಕಾದ ಸಿಮೆಂಟು ನೆಲ, ಕಾದ ಗೋಡೆ, ಇವೆಲ್ಲ ಹೊಮ್ಮಿಸುವ ಶಾಖವೂ ಮೈಗೆ ಬಂದು ಬಡಿಯುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಧ್ಯಾಹ್ನದ ಹೊತ್ತು ಸಾಲುಮರವಿರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ, ರಸ್ತೆಯ ಮೇಲ್ಮೈ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆ ಇದ್ದದ್ದು ಅದರಲ್ಲಿ ಕಂಡುಬಂತು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಮರ ಗಾಳಿಯನ್ನು ತಣಿಸುವುದಕ್ಕಿಂತ ಹೆಚ್ಚಾಗಿ ನೆಲ, ಗೋಡೆ ಕಾಯದಂತೆ ತಡೆಯುತ್ತದೆ.

ಹಾಗಾದರೆ ತಗಡಿನ ಶೀಟು ಹಾಕಿಸಿದರೂ ಆಯಿತಲ್ಲ, ಅದೂ ನೆರಳೇ ಅಲ್ಲವೇ? ಶೀಟಿನ ಕೆಳಗೆ ಮಧ್ಯಾಹ್ನ ಮೂರಕ್ಕೆ ನಿಂತು ನೋಡಿ. ಬಿಸಿಲು ಬೀಳುವುದಿಲ್ಲ, ಆದರೂ ನೆತ್ತಿ ಸುಡುತ್ತದೆ. ಬಿಸಿಲುಂಡ ಶೀಟು ತಾನೇ ಕಾದು ಆ ಶಾಖವನ್ನು ಕೆಳಕ್ಕೆ ಹೊಮ್ಮಿಸುತ್ತದೆ. ಹೊಂಗೆಯ ಎಲೆಯೂ ಅಷ್ಟೇ ಬಿಸಿಲು ಉಣ್ಣುತ್ತದೆ, ಆದರೆ ಕಾಯುವುದಿಲ್ಲ, ಸುತ್ತಲ ಗಾಳಿಯ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ಬೆವರಿ ಒಳಗಿನ ನೀರನ್ನು ತಣಿಸುವ ಹಾಗೆ, ಎಲೆಯೂ ತನ್ನ ಅಡಿಯ ಸೂಕ್ಷ್ಮ ಪತ್ರರಂಧ್ರಗಳಿಂದ ನೀರಿನ ಆವಿ ಬಿಟ್ಟು ತಣ್ಣಗಾಗುತ್ತದೆ.

ಈ ಬೆವರಿಗೆ ಎಷ್ಟು ಬೆಲೆ? ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು, ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ನೀರು ಸಿಗುವ ಒಂದು ಬಲಿತ ಮರ ದಿನಕ್ಕೆ 100 ಲೀಟರ್ ಆವಿ ಬಿಡುತ್ತದೆ ಎಂದಿಟ್ಟುಕೊಳ್ಳಿ. ಒಂದೂವರೆ ಟನ್ನಿನ ಏ.ಸಿ. ಹನ್ನೆರಡು ತಾಸು ಬಿಡದೆ ಓಡಿ ಹೊರಹಾಕುವಷ್ಟು ಶಾಖ ಅಲ್ಲಿ ಕರಗಿಹೋಯಿತು. ಏ.ಸಿ. ಆ ಶಾಖವನ್ನು ಒಳಗಿನಿಂದೆತ್ತಿ ಬೀದಿಗೆ ಎಸೆಯುತ್ತದೆ. ಮರದಲ್ಲಿ ಅದು ಆವಿಯೊಳಗೆ ಅಡಗಿ, ಗಾಳಿಯೊಂದಿಗೆ ಮೇಲೇರಿ ಹೋಗುತ್ತದೆ. ಹೊಂಗೆ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ಮಾತು ನಮ್ಮ ಹಳ್ಳಿಗಳಲ್ಲಿದೆ. ಆ ಮಡಿಲಿನ ತಂಪು ನೀರು ಸುರಿದು ಗಳಿಸಿದ್ದು.

ಆ ನೀರು ಎಲ್ಲಿಂದ ಬರುತ್ತದೆ ಎಂಬುದೇ ಹೊಂಗೆಯ ವಿಶೇಷ. ಇದರ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮೇಲ್ಮಣ್ಣು ಬಿರಿದು ಹುಲ್ಲು ಒಣಗಿದ ಮೇಲೂ ಕೆಳಗಿನ ತೇವ ಅದಕ್ಕೆ ಸಿಗುತ್ತದೆ. ಅದಕ್ಕೇ ಅದರ ಕಾಲಚಕ್ರ ನಮ್ಮ ಅನುಕೂಲಕ್ಕೆ ಹೊಂದಿಸಿಟ್ಟಂತಿದೆ. ಚಳಿ ಮುಗಿಯುವ ಹೊತ್ತಿಗೆ, ಜನವರಿ-ಫೆಬ್ರುವರಿಯಲ್ಲಿ, ಎಲೆ ಉದುರಿಸಿ ಸ್ವಲ್ಪ ದಿನ ಬರಿದಾಗುತ್ತದೆ. ಯುಗಾದಿಯ ಹೊತ್ತಿಗೆ ಮೊದಲು ನಸುಗೆಂಪಾಗಿ, ಆಮೇಲೆ ಎಣ್ಣೆ ಸವರಿದಂತೆ ಹೊಳೆಯುವ ಹಸಿರಾಗಿ ಚಿಗುರು ತುಂಬುತ್ತದೆ. ಬಿಸಿಲು ಬೇಕಿದ್ದಾಗ ಬೋಳು, ನೆರಳು ಬೇಕಿದ್ದಾಗ ದಟ್ಟ. ಬೇರಿನ ಗಂಟುಗಳಲ್ಲಿ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತದೆ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿದು ಹಸಿರೆಲೆ ಗೊಬ್ಬರ ಮಾಡುವ ರೂಢಿಗೂ, ಎಣ್ಣೆ ತೆಗೆದ ಹೊಂಗೆ ಹಿಂಡಿಗೆ ತೋಟದಲ್ಲಿರುವ ಬೇಡಿಕೆಗೂ ಇದೇ ಸಾರಜನಕ ಕಾರಣ. ಎಲೆಯ ಮೇಲೆ ಬೆರಳಿನಂತೆ ಎದ್ದ ಗಂಟುಗಳನ್ನು ಕಂಡು ಕೆಲವರು ರೋಗವೆಂದು ಗಾಬರಿಯಾಗಿ ಔಷಧಿ ಹೊಡೆಯುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಎಲೆಯನ್ನು ಕೆಣಕಿ ಕಟ್ಟಿಸಿಕೊಂಡ ಮನೆ. ಮರಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ, ಬಿಟ್ಟುಬಿಡಿ.

ಇನ್ನು ಟೇಬಲ್ ರೋಸ್. ಹೆಸರಲ್ಲಿ ರೋಸ್ ಇದ್ದರೂ ಗುಲಾಬಿಗೆ ಇದು ನಂಟಲ್ಲ. ದಕ್ಷಿಣ ಅಮೆರಿಕದಿಂದ ಬಂದ ಪೋರ್ಚುಲಾಕ, ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಹಬ್ಬುವ ಗೋಣಿ ಸೊಪ್ಪಿನ ಒಡಹುಟ್ಟು. ಗೇಣುದ್ದದ ಗಿಡ, ಸೂಜಿಯಂಥ ದಪ್ಪ ಎಲೆ. ಒಂದೆಲೆ ಕಿತ್ತು ಬೆರಳಲ್ಲಿ ಹಿಸುಕಿದರೆ ಲೋಳೆಯಂಥ ರಸ ಜಿನುಗುತ್ತದೆ. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಆಳದ ನೀರು ಇದಕ್ಕೆ ಎಟುಕದು. ಹಾಗಾಗಿ ಬೇರೊಂದು ವಿದ್ಯೆ ಕಲಿತಿದೆ.

ಗಿಡಕ್ಕೆ ಅನ್ನ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕು, ಅದು ಒಳಬರಲು ಪತ್ರರಂಧ್ರ ತೆರೆಯಬೇಕು. ತೆರೆದ ಕೂಡಲೇ ನೀರು ಆವಿಯಾಗಿ ಹೊರಟುಹೋಗುತ್ತದೆ. ಹೊಂಗೆ, ಮಾವು, ಭತ್ತದಂಥ ಸಾಮಾನ್ಯ ದಾರಿಯ ಗಿಡಗಳು ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಗಳಿಸಲು ಸುಮಾರು 400 ನೀರಿನ ಅಣುಗಳನ್ನು ಕಳೆದುಕೊಳ್ಳುತ್ತವೆ. ಜೋಳ, ಕಬ್ಬು, ರಾಗಿಗಳು ಅನುಸರಿಸುವ, ಸಿ-4 ಎಂದು ಕರೆಯುವ ಚುರುಕು ದಾರಿಯಲ್ಲಿ ಈ ನಷ್ಟ ಸುಮಾರು 150. ಕಳ್ಳಿ, ಅನಾನಸ್‌ಗಳು ರಾತ್ರಿ ಮಾತ್ರ ರಂಧ್ರ ತೆರೆಯುತ್ತವೆ. ತಂಪಿನಲ್ಲಿ ಒಳಗೆಳೆದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅದನ್ನು ಬಳಸುತ್ತವೆ. ಅವುಗಳ ನಷ್ಟ 50ರ ಆಸುಪಾಸು.

ಈ ರಾತ್ರಿ ವ್ಯವಹಾರದ ಸುಳಿವು ಹಿಡಿದವರಲ್ಲಿ ಒಬ್ಬನಿಗೆ ನಮ್ಮ ನಾಡಿನ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿ ದಕ್ಷಿಣ ಭಾರತದಲ್ಲಿ ದುಡಿದ, ಟಿಪ್ಪುವಿನ ನಂತರ ಕೆಲಕಾಲ ಲಾಲ್‌ಬಾಗನ್ನೂ ನೋಡಿಕೊಂಡ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆಯನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಬಾಯಿಗಿಟ್ಟು ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಒಗರುಕಹಿ. ಇದನ್ನು ಅವನು ಪತ್ರದಲ್ಲಿ ಬರೆದು ಕಳಿಸಿದ್ದು ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಮೂಲಕ 1815ರಲ್ಲಿ ಅಚ್ಚಾಯಿತು. ಯಾವ ಉಪಕರಣವೂ ಇಲ್ಲದೆ ನಾಲಿಗೆಯೊಂದರಿಂದ ಗಿಡದ ರಾತ್ರಿಪಾಳಿಯನ್ನು ಹಿಡಿದ ಆ ಕುತೂಹಲ ನನಗೆ ಇವತ್ತಿಗೂ ಬಹಳ ದೊಡ್ಡದಾಗಿ ಕಾಣುತ್ತದೆ.

ಪೋರ್ಚುಲಾಕ ಕುಲ ಜೋಳದ ಸಿ-4 ಮತ್ತು ಕಳ್ಳಿಯ ರಾತ್ರಿಪಾಳಿ, ಈ ಎರಡೂ ಮಿತವ್ಯಯದ ದಾರಿಗಳನ್ನು ಒಟ್ಟಿಗೆ ಇಟ್ಟುಕೊಂಡಿದೆ. ಅಂಥ ಗಿಡಗಳು ಜಗತ್ತಿನಲ್ಲಿ ಅಪರೂಪ. ನೀರು ಸಿಕ್ಕಾಗ ಜೋಳದಂತೆ ಹಗಲು ಚುರುಕಾಗಿ ದುಡಿಯುತ್ತದೆ, ನೆಲ ಒಣಗಿದರೆ ಕಳ್ಳಿಯಂತೆ ರಾತ್ರಿಯೂ ಕೂಡಿಡತೊಡಗುತ್ತದೆ. ಗೋಣಿ ಸೊಪ್ಪಿನಲ್ಲಿ ಇವೆರಡೂ ಬೇರೆಬೇರೆ ಕೋಣೆಗಳಲ್ಲಿ ಅಲ್ಲ, ಒಂದೇ ಜೀವಕೋಶದೊಳಗೆ ಕೈಕೈ ಹಿಡಿದು ನಡೆಯುತ್ತವೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಬೇಕಿದ್ದರೆ ಹೈನ್‌ನಂತೆ ನೀವೂ ನೋಡಬಹುದು. ಕೆಲವು ದಿನ ನೀರು ಕಾಣದ ಗೋಣಿ ಸೊಪ್ಪಿನ ಎಲೆಯನ್ನು ಬೆಳಗಿನ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಜಗಿದರೆ ಬೆಳಗಿನದು ಹೆಚ್ಚು ಹುಳಿ.

ಹೂವಿನ ಸೊಬಗನ್ನು ಬಣ್ಣಿಸುವ ಅಗತ್ಯವಿಲ್ಲ, ಎಲ್ಲರೂ ನೋಡಿದ್ದೀರಿ. ಬೀಟ್‌ರೂಟಿನಲ್ಲೂ ಬೋಗನ್‌ವಿಲ್ಲದಲ್ಲೂ ಇರುವ ಬೀಟಲೇನ್ ವರ್ಣಗಳೇ ಇಲ್ಲೂ ಇರುವುದು. ನೋಡದೇ ಇರಬಹುದಾದ ಒಂದು ಸಂಗತಿ ಹೇಳುತ್ತೇನೆ. ಒಂಟಿ ಸುತ್ತಿನ ಹೂವು ಪೂರ್ತಿ ಅರಳಿದಾಗ ನಡುವಿನ ಹಳದಿ ಕೇಸರಗಳ ಒಂದು ಬದಿಯನ್ನು ಹುಲ್ಲುಕಡ್ಡಿಯಿಂದ ಹಗುರವಾಗಿ ತಾಕಿಸಿ ಕಾಯಿರಿ. ಮುಟ್ಟಿದ ಕಡೆಗೇ ಕೇಸರಗಳು ಬಾಗಿ ಬರುತ್ತವೆ. ಜೇನ್ನೊಣ ಬಂದು ಕೂತಾಗ ಅದರ ಮೈಗೆ ಪರಾಗ ಹತ್ತಿಸುವ ಉಪಾಯ ಇದು. ಒಂದೇ ಹಗಲು ಬಾಳುವ ಹೂವಿಗೆ ಕಾಯುತ್ತ ಕೂರಲು ಪುರುಸೊತ್ತಿಲ್ಲ.

ಇಷ್ಟು ಜಾಣ ಗಿಡವನ್ನು ಹೊಂಗೆಯ ಬುಡಕ್ಕೇ ನೆಟ್ಟರೆ ಎರಡೂ ಸಿಕ್ಕಂತಾಯಿತಲ್ಲ? ಆಗುವುದಿಲ್ಲ. ಸಾಮಾನ್ಯ ದಾರಿಯಲ್ಲಿ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಸಕ್ಕರೆಗೆ ಸೇರಿಸಲು ಎಟಿಪಿ ಎಂಬ ಶಕ್ತಿಯ ನಾಣ್ಯ ಮೂರು ಬೇಕಾದರೆ, ಟೇಬಲ್ ರೋಸಿನ ದಾರಿಯಲ್ಲಿ ಐದು ಬೇಕು. ನೀರು ಉಳಿಸಲು ಅದು ಬಿಸಿಲನ್ನು ಖರ್ಚು ಮಾಡುತ್ತದೆ. ಬಯಲಲ್ಲಿ ಬಿಸಿಲಿಗೇನು ಬರ? ನೆರಳಿಗೆ ಬಂದರೆ ಆ ಲೆಕ್ಕ ಬುಡಮೇಲಾಗುತ್ತದೆ. ಕಡ್ಡಿ ಉದ್ದುದ್ದ ಸೊರಗಿ ಬೆಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ, ಕಟ್ಟಿದ್ದೂ ಬಿಚ್ಚಿಕೊಳ್ಳುವುದಿಲ್ಲ. ಇದಕ್ಕೆ ಪ್ರತಿಯಾಗಿ, ನೀರು ಬಿಡದ ಗಿಡ ಸುತ್ತಲನ್ನು ತಣಿಸಲೂ ಆರದು. ಟೇಬಲ್ ರೋಸ್ ಹಾಸಿದ ನೆಲ ಸಿಮೆಂಟಿನಷ್ಟು ಕಾಯುವುದಿಲ್ಲ, ಮಳೆಹನಿಯ ಪೆಟ್ಟಿಗೆ ಕೆಂಪು ಮಣ್ಣು ಚೆದುರುವುದಿಲ್ಲ, ಅಷ್ಟು ಪ್ರಯೋಜನ ಖಂಡಿತ ಉಂಟು. ಅಂಗಳಕ್ಕೆ ಅಂಚಿಂದಂಚಿಗೆ ಸಿಮೆಂಟು ಬಳಿಯುವ ಈಗಿನ ಚಾಳಿಗಿಂತ ಅದು ನೂರು ಪಾಲು ಮೇಲು. ಆದರೆ ಗೇಣೆತ್ತರದ ಗಿಡ ಹತ್ತಡಿ ಗೋಡೆಗೆ ಕೊಡೆ ಹಿಡಿಯಲಾರದು.

ಕೊಡೆ ಎಲ್ಲಿ ಬೇಕೆಂಬುದನ್ನು ಸೂರ್ಯನೇ ಹೇಳುತ್ತಾನೆ. ಬೆಂಗಳೂರು, ತುಮಕೂರಿನ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಬೇಸಿಗೆಯ ನಡುಹಗಲಲ್ಲಿ ಬಿಸಿಲು ಬೀಳುವುದು ತಾರಸಿಗೆ, ಗೋಡೆಗಳಿಗಲ್ಲ. ಗೋಡೆಗೆ ಹೆಚ್ಚು ಕಾಡುವ ನೇರ ಹೊಡೆತ ಬೀಳುವುದು ಹೊತ್ತು ಇಳಿದ ಮೇಲೆ, ಅದೂ ಇಡೀ ದಿನದ ಸೆಕೆ ಕೂಡಿಕೊಂಡ ಹೊತ್ತಿನಲ್ಲಿ, ಪಶ್ಚಿಮದಿಂದ. ಆದ್ದರಿಂದ ಒಂದೇ ಮರಕ್ಕೆ ಜಾಗವಿದ್ದರೆ ಅದು ಪಶ್ಚಿಮಕ್ಕಿರಲಿ. ಟೇಬಲ್ ರೋಸಿಗೆ ಪೂರ್ವದ ಎಳೆಬಿಸಿಲು ಮೊದಲೇ ಬೀಳುವ ಕಡೆ ಒಳ್ಳೆಯದು, ಹೂವು ಬೇಗ ಅರಳುತ್ತದೆ.

ಅಕ್ಕನಿಗೆ ಇಷ್ಟನ್ನೂ ಹೇಳಿ, ಗೋಡೆಯಿಂದ ಹದಿನೈದು ಅಡಿ ಬಿಟ್ಟು ಜೂನ್ ಮಳೆಯಲ್ಲಿ ಹೊಂಗೆ ಸಸಿ ನೆಟ್ಟೆವು. ಬುಡದ ಸುತ್ತ ಮೂರಡಿ ಮಣ್ಣು ತೆರೆದೇ ಬಿಟ್ಟೆವು. ಸಸಿಗೆ ಮೊದಲ ಮೂರು ನಾಲ್ಕು ವರ್ಷ ನೆರಳೆಂಬುದೇ ಇರುವುದಿಲ್ಲವಲ್ಲ, ಅದರಾಚೆಗೆ ಅಕ್ಕ ಪಕ್ಕದ ಮನೆಯ ಟೇಬಲ್ ರೋಸ್ ಕಡ್ಡಿಗಳನ್ನು ಚುಚ್ಚಿದಳು. ಮೊದಲ ಸಲ ದಿನಕ್ಕೆರಡು ಹೊತ್ತು ನೀರು ಹನಿಸಿ ಕಾಂಡವೆಲ್ಲ ಕೊಳೆತುಹೋಯಿತು. ಎರಡನೆಯ ಸಲ ಮಣ್ಣಿಗೆ ಮರಳು ಬೆರೆಸಿ, ಒಣಗಿದ ಮೇಲಷ್ಟೇ ನೀರು ಕೊಟ್ಟಳು. ಹಿತ್ತಲು ತುಂಬಿಕೊಂಡಿತು. ಮನೆಯ ನೆರಳು ಸರಿದು ಬಿಸಿಲು ಬರುವುದು ತಡವಾದ್ದರಿಂದ ಅಲ್ಲಿ ಹೂವು ಅರಳುವುದೂ ಹನ್ನೊಂದಕ್ಕೆ.

ಈ ಮೇ ತಿಂಗಳಲ್ಲಿ ಹೋದಾಗ ಹೊಂಗೆ ತಾರಸಿಯ ಎತ್ತರ ಮುಟ್ಟಿತ್ತು. ಅಡುಗೆಮನೆಯ ಗೋಡೆಗೆ ಸಂಜೆ ಆರಕ್ಕೆ ಕೈಯಿಟ್ಟು ನೋಡಿದೆ, ಮೊದಲಿನ ಸುಡುವಿಕೆ ಇರಲಿಲ್ಲ. ಬುಡದ ಸುತ್ತ ಉದುರಿದ ಹೊಂಗೆ ಹೂವು ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿತ್ತು. ಅಕ್ಕ ಅದನ್ನು ಗುಡಿಸಿ ನಿಂಬೆಗಿಡದ ಪಾತಿಗೆ ಸುರಿಯುತ್ತಿದ್ದಳು. ಕಾಂಡದ ಹತ್ತಿರದ ಟೇಬಲ್ ರೋಸೆಲ್ಲ ಹೂವು ನಿಲ್ಲಿಸಿ ಬಡವಾಗಿತ್ತು. ಆರೇಳು ಅಡಿ ದೂರದಲ್ಲಿ, ಕೊಂಬೆಗಳ ನೆರಳು ಮುಗಿಯುವ ಕಡೆ, ಕೆಂಪು ಹಳದಿ ಹೂವುಗಳ ಒಂದು ಬಳೆ. “ಹೋದ ವರ್ಷ ಇಲ್ಲೀವರೆಗೂ ಹೂವಿತ್ತು ನೋಡು” ಎಂದು ಅಕ್ಕ ಕಾಲಿನಿಂದ ಒಳಗಿನ ಜಾಗ ತೋರಿಸಿದಳು. ಆಮೇಲೆ ಕೂತು, ಸೊರಗಿದ ಕಡ್ಡಿಗಳನ್ನು ಚಿವುಟಿ ಬಳೆಯಾಚೆಗಿನ ಬಿಸಿಲಲ್ಲಿ ಒಂದೊಂದಾಗಿ ಚುಚ್ಚತೊಡಗಿದಳು.